ಸ್ಕೆಪ್ಟಿಕ್ ಗುಂಪಲ್ಲಿ ಜಗಳ ಇರ್ಲಿ, ಬಣ ಬೇಡ: ಒಂದು ಸಮಗ್ರ ಮಾರ್ಗದರ್ಶಿ

ಸ್ಕೆಪ್ಟಿಕ್ ಅಂದ್ರೆ ಪುರಾವೆ ನೋಡದೆ ಯಾವ ಮಾತನ್ನೂ ಒಪ್ಪದೋರು. ಹೀಗೆ ಪ್ರಶ್ನೆ ಕೇಳೋದನ್ನೇ ಕಸುಬು ಮಾಡ್ಕೊಂಡಿರೋ ಜನನ ಒಂದು ರೂಮಲ್ಲಿ ಕೂರಿಸಿದ್ರೆ ಅವರು ಒಬ್ಬರಿಗೊಬ್ರು ಪ್ರಶ್ನೆ ಕೇಳೇ ಕೇಳ್ತಾರೆ, ಅದ್ರಲ್ಲಿ ಆಶ್ಚರ್ಯ ಏನಿಲ್ಲ. ವಿಚಿತ್ರ ಏನಂದ್ರೆ ಜ್ಯೋತಿಷಿ ಜೊತೆ, ಹೀಲರ್ ಜೊತೆ ಗಂಟೆಗಟ್ಲೆ ತಾಳ್ಮೆಯಿಂದ ಮಾತಾಡೋ ಇದೇ ಜನ ಪಕ್ಕದ ಕುರ್ಚಿಲಿ ಕೂತಿರೋ ಇನ್ನೊಬ್ಬ ಸ್ಕೆಪ್ಟಿಕ್ ಒಂದೇ ಒಂದು ವಿಷಯದಲ್ಲಿ ಬೇರೆ ಥರ ಯೋಚಿಸಿದ್ರೆ ಐದು ನಿಮಿಷಕ್ಕೆ "ಇವರು ನಿಜವಾದ ಸ್ಕೆಪ್ಟಿಕ್ಕೇ ಅಲ್ಲ" ಅಂದುಬಿಡ್ತಾರೆ. ನೋಡ್ತಾ ನೋಡ್ತಾ ಮನೆಯೊಂದು ಮೂರು ಬಾಗಿಲು.

ಯಾಕೆ ಹೀಗೆ ಅಂದ್ರೆ, "ನಾವು ಎವಿಡೆನ್ಸ್ ನೋಡಿ ತೀರ್ಮಾನ ಮಾಡೋರು" ಅನ್ನೋದು ನಮ್ಮ ಗುರುತೇ ಆಗಿಬಿಟ್ಟಿರತ್ತೆ, ಹಾಗಾಗಿ ನನ್ನ ತೀರ್ಮಾನ ಒಪ್ಪದೋರು ಎವಿಡೆನ್ಸ್ ನೋಡದೋರು ಅಂತ ಮನಸ್ಸು ತಾನಾಗೇ ಲೆಕ್ಕ ಹಾಕತ್ತೆ. ಒಂದು ಕ್ಲೈಮ್ ಬಗ್ಗೆ ಶುರುವಾದ ಮಾತು ಯಾರು ನಮ್ಮವರು ಯಾರಲ್ಲ ಅನ್ನೋ ತೀರ್ಪಾಗಿ ಮುಗಿಯತ್ತೆ. ಗುಂಪು ಒಡೆಯೋದು ಆ ಜಾಗದಲ್ಲೇ. ಈ ಗೈಡ್ ಇರೋದು ಜಗಳ ಕಮ್ಮಿ ಮಾಡೋಕೆ ಅಲ್ಲ (ಜಗಳ ಇಲ್ಲದ ಸ್ಕೆಪ್ಟಿಕ್ ಗುಂಪು ಭಜನಾ ಮಂಡಳಿ ಆಗೋಕೆ ಜಾಸ್ತಿ ದಿನ ಬೇಕಾಗಲ್ಲ), ಜಗಳ ಆ ಜಾಗಕ್ಕೆ ಜಾರದ ಹಾಗೆ ನೋಡ್ಕೊಳ್ಳೋಕೆ.

ಹಂತ 1: ಗುಂಪು ಇರೋದು ಯಾವುದಕ್ಕೆ ಅಂತ ಬರೆದಿಡಿ

ಇದು ಬೋರಿಂಗ್ ಅನ್ಸತ್ತೆ, ಎಲ್ಲರೂ ಸ್ಕಿಪ್ ಮಾಡೋದೂ ಇದನ್ನೇ. ಆದ್ರೆ ಸ್ಕೆಪ್ಟಿಕ್ ಚಳುವಳಿಯ ಮೊದಲ ದೊಡ್ಡ ಬಿರುಕು ಬಂದಿದ್ದೇ ಇಲ್ಲಿಂದ. 1976ರಲ್ಲಿ ಅಮೆರಿಕದಲ್ಲಿ ಪ್ಯಾರಾನಾರ್ಮಲ್ (ಅತೀಂದ್ರಿಯ ಶಕ್ತಿ ಥರದ) ಕ್ಲೈಮ್‌ಗಳನ್ನ ವೈಜ್ಞಾನಿಕವಾಗಿ ತನಿಖೆ ಮಾಡೋಕೆ ಅಂತ ಸೈಕಾಪ್ ಅನ್ನೋ ಸಮಿತಿ ಶುರುವಾಯ್ತು. ತತ್ವಶಾಸ್ತ್ರದ ಪ್ರೊಫೆಸರ್ ಪಾಲ್ ಕರ್ಟ್ಜ್, ಸಮಾಜಶಾಸ್ತ್ರಜ್ಞ ಮಾರ್ಸೆಲ್ಲೊ ಟ್ರುಝಿ ಇಬ್ರೂ ಸೇರಿ ಅಧ್ಯಕ್ಷರು. ಸಮಿತಿಯ ಪತ್ರಿಕೆ ನೋಡ್ಕೊಳ್ತಿದ್ದದ್ದು ಟ್ರುಝಿ. ಕ್ಲೈಮ್ ಮಾಡೋರಿಗೂ ಪತ್ರಿಕೆಯಲ್ಲಿ ಜಾಗ ಕೊಡಬೇಕು, ಅವರ ವಾದ ಅವರ ಬಾಯಲ್ಲೇ ಬರಲಿ, ಆಮೇಲೆ ಪರೀಕ್ಷೆ ಮಾಡೋಣ ಅನ್ನೋದು ಅವರ ನಿಲುವು. ಉಳಿದ ಬಹಳಷ್ಟು ಜನಕ್ಕೆ, ಜನ ಮೋಸ ಹೋಗ್ತಾ ಇದ್ದಾರೆ, ಈಗ ಬೇಕಿರೋದು ಗಟ್ಟಿ ದನಿಯ ಉತ್ತರ ಅಂತ. ಎತ್ತು ಏರಿಗೆಳೆದ್ರೆ ಕೋಣ ನೀರಿಗೆಳೀತು. 1977ರಲ್ಲಿ ಟ್ರುಝಿ ಹೊರಗೆ ಬಂದ್ರು, ಮುಂದಿನ ವರ್ಷ ತಮ್ಮದೇ ಪತ್ರಿಕೆ ತಂದ್ರು.

ಇಬ್ಬರಲ್ಲಿ ಯಾರು ಸರಿ? ನನ್ನ ಕೇಳಿದ್ರೆ ಇಬ್ರೂ ಸರಿ, ಒಂದು ರಿಸರ್ಚ್ ಪತ್ರಿಕೆ, ಇನ್ನೊಂದು ಜನಜಾಗೃತಿ ಕೆಲಸ, ಎರಡೂ ಬೇಕು. ಒಂದೇ ಸಂಸ್ಥೆ ಎರಡನ್ನೂ ಒಂದೇ ಹೆಸರಲ್ಲಿ ಮಾಡೋಕೆ ಹೊರಟಿತ್ತು, ತೊಂದರೆ ಆಗಿದ್ದು ಅಲ್ಲಿ.

ಹಾಗಾಗಿ ಒಂದು ಪುಟದಲ್ಲಿ ಬರೀರಿ. ನಾವು ತನಿಖೆ ಮಾಡ್ತೀವಾ, ಪ್ರಚಾರ ಮಾಡ್ತೀವಾ, ಎರಡೂ ಮಾಡ್ತೀವಾ? ಎರಡೂ ಆದ್ರೆ ಯಾರು ಯಾವುದು? ಯಾವ ಥರದ ಕ್ಲೈಮ್ ನಮ್ಮ ವ್ಯಾಪ್ತಿಗೆ ಬರತ್ತೆ? ಪರೀಕ್ಷೆ ಮಾಡಬಹುದಾದ ಕ್ಲೈಮ್ ಮಾತ್ರ ಅಂತ ಇಟ್ಕೊಂಡ್ರೆ ಅರ್ಧ ತಲೆನೋವು ಕಮ್ಮಿ ಆಗತ್ತೆ. "ಈ ಯಂತ್ರ ಕಟ್ಕೊಂಡ್ರೆ ಶುಗರ್ ಇಳಿಯತ್ತೆ" ಅನ್ನೋದನ್ನ ಪರೀಕ್ಷೆ ಮಾಡಬಹುದು. ದೇವರು ಇದಾನಾ ಅನ್ನೋದು ಬೇರೆ ಜಾತಿಯ ಪ್ರಶ್ನೆ, ಅದರ ಬಗ್ಗೆ ಪ್ರತಿ ಸದಸ್ಯನಿಗೂ ಗಟ್ಟಿ ಅಭಿಪ್ರಾಯ ಇರತ್ತೆ ಬಿಡಿ, ಆದ್ರೆ ಅದನ್ನ ಗುಂಪಿಗೆ ಸೇರೋ ಟಿಕೆಟ್ ಮಾಡಬೇಕಾ ಅಂತ ಯೋಚನೆ ಮಾಡಿ. ಮಾರ್ಟಿನ್ ಗಾರ್ಡ್ನರ್ 1950ರ ದಶಕದಿಂದಲೇ ಹುಸಿ ವಿಜ್ಞಾನದ ವಿರುದ್ಧ ಬರೆದೋರು, ಸೈಕಾಪ್ ಕಟ್ಟಿದವರಲ್ಲಿ ಒಬ್ರು, ಆಧುನಿಕ ಸ್ಕೆಪ್ಟಿಕ್‌ಗಳಿಗೆ ಅಜ್ಜನ ಸ್ಥಾನದಲ್ಲಿರೋರು. ಅವರು ದೇವರನ್ನ ನಂಬ್ತಿದ್ರು, ಅದನ್ನ ಮುಚ್ಚಿಡಲೂ ಇಲ್ಲ. ಇದಕ್ಕೆ ಪ್ರೂಫ್ ಇಲ್ಲ, ನಾನು ನಂಬಿಕೆಯ ಮೇಲೆ ಒಪ್ಕೊಂಡಿದೀನಿ ಅಂತ ನೇರವಾಗಿ ಹೇಳ್ತಿದ್ರು. ನಿಮ್ಮ ಗುಂಪಿನ ನಿಯಮದ ಪ್ರಕಾರ ಗಾರ್ಡ್ನರ್‌ಗೆ ಎಂಟ್ರಿ ಸಿಗಲ್ಲ ಅಂದ್ರೆ, ಆ ನಿಯಮ ಬೇಕೂಂತಲೇ ಹಾಕಿದ್ದಾ, ಅಭ್ಯಾಸಬಲದಿಂದ ಬಂದಿದ್ದಾ ಅಂತ ಒಂದ್ಸಲ ನೋಡ್ಕೊಳ್ಳಿ. ನಾಸ್ತಿಕರ ಸಂಘ ಅಂತಲೇ ಕಟ್ಟೋದಿದ್ರೆ ಧಾರಾಳವಾಗಿ ಕಟ್ಟಿ, ಬೋರ್ಡ್ ಮೇಲೆ ಹಾಗಂತ ಬರೀರಿ ಅಷ್ಟೇ.

ಹಂತ 2: ಜಗಳ ಯಾವ ಥರದ್ದು ಅಂತ ಮೊದಲು ಗುರುತು ಹಿಡೀರಿ

ಗುಂಪಲ್ಲಿ ಬರೋ ಭಿನ್ನಾಭಿಪ್ರಾಯ ಸಾಮಾನ್ಯವಾಗಿ ಐದರಲ್ಲಿ ಒಂದು. ಫ್ಯಾಕ್ಟ್ ಬಗ್ಗೆ (ಇದು ಕೆಲಸ ಮಾಡತ್ತಾ ಇಲ್ವಾ), ವಿಧಾನದ ಬಗ್ಗೆ (ಈ ಟೆಸ್ಟ್ ಸಾಕಾ), ವ್ಯಾಪ್ತಿ ಬಗ್ಗೆ (ಇದು ನಮ್ಮ ಕೆಲಸನಾ), ಧಾಟಿ ಬಗ್ಗೆ (ಹೀಗೆ ಬೈದು ಹೇಳ್ಬೇಕಾ), ಇನ್ನು ನಡವಳಿಕೆ ಬಗ್ಗೆ (ಒಬ್ಬ ಸದಸ್ಯ ಇನ್ನೊಬ್ಬರ ಜೊತೆ ಹೇಗೆ ನಡ್ಕೊಂಡ). ಐದಕ್ಕೂ ಮದ್ದು ಬೇರೆ ಬೇರೆ. ಧಾಟಿ ಜಗಳನ ಫ್ಯಾಕ್ಟ್ ಜಗಳ ಅಂದ್ಕೊಂಡು ಪೇಪರ್ ಮೇಲೆ ಪೇಪರ್ ಕೋಟ್ ಮಾಡ್ತಾ ಕೂತ್ರೆ ರಾತ್ರಿ ಹನ್ನೆರಡಾದ್ರೂ ಮುಗಿಯಲ್ಲ, ಯಾಕಂದ್ರೆ ಫ್ಯಾಕ್ಟ್ ಇಬ್ರೂ ಒಪ್ಕೊಂಡೇ ಇದಾರೆ.

ಇದಕ್ಕೆ ನನ್ನ ಫೇವರಿಟ್ ಉದಾಹರಣೆ ಖಗೋಳಶಾಸ್ತ್ರಜ್ಞ ಕಾರ್ಲ್ ಸೇಗನ್. 1975ರಲ್ಲಿ ಜ್ಯೋತಿಷ್ಯದ ವಿರುದ್ಧ ಒಂದು ಹೇಳಿಕೆ ಹೊರಗೆ ಬಂತು, 186 ಜನ ವಿಜ್ಞಾನಿಗಳ ಸಹಿ, ಅದರಲ್ಲಿ ನೊಬೆಲ್ ಬಂದೋರೂ ಇದ್ರು. ಸೇಗನ್ ಸಹಿ ಹಾಕಲಿಲ್ಲ. ಜ್ಯೋತಿಷ್ಯದಲ್ಲಿ ಹುರುಳಿದೆ ಅಂತ ಅಲ್ಲ, ಆ ಹೇಳಿಕೆಯ ಧಾಟಿ "ನಾವು ದೊಡ್ಡೋರು ಹೇಳ್ತಾ ಇದೀವಿ ಕೇಳಿ" ಅನ್ನೋ ಥರ ಇತ್ತು ಅಂತ. ಆ ಹೇಳಿಕೆ ಸಿದ್ಧ ಮಾಡಿದವರಲ್ಲಿ ಪಾಲ್ ಕರ್ಟ್ಜ್ ಒಬ್ರು. ಮುಂದಿನ ವರ್ಷ ಅದೇ ಕರ್ಟ್ಜ್ ಸೈಕಾಪ್ ಶುರು ಮಾಡಿದಾಗ ಸೇಗನ್ ಅದರಲ್ಲಿ ಇದ್ರು. ಸಹಿ ಹಾಕಲಿಲ್ಲ ಅಂತ ಇವರು ದೂರ ಇಡಲಿಲ್ಲ, ಧಾಟಿ ಹಿಡಿಸಲಿಲ್ಲ ಅಂತ ಅವರು ದೂರ ಹೋಗಲಿಲ್ಲ.

ಮಾಡಬೇಕಾದ ಕೆಲಸ ಚಿಕ್ಕದು. ಮೀಟಿಂಗ್‌ನಲ್ಲಿ ಮಾತು ಬಿಸಿ ಆಗ್ತಿದೆ ಅನ್ಸಿದ ತಕ್ಷಣ ನಡೆಸ್ತಿರೋರು ಒಂದೇ ಪ್ರಶ್ನೆ ಕೇಳ್ಬೇಕು: "ನೀವಿಬ್ರೂ ಯಾವುದರ ಬಗ್ಗೆ ಬೇರೆ ಬೇರೆ ಹೇಳ್ತಿದೀರ, ಇದು ಕೆಲಸ ಮಾಡತ್ತಾ ಇಲ್ವಾ ಅನ್ನೋದರ ಬಗ್ಗೆನಾ, ಅದನ್ನ ಹೇಗೆ ಹೇಳ್ಬೇಕು ಅನ್ನೋದರ ಬಗ್ಗೆನಾ?" ಎಷ್ಟೋ ಸಲ ಇಬ್ರೂ ಒಂದು ಕ್ಷಣ ಸುಮ್ಮನಾಗ್ತಾರೆ, ಯಾಕಂದ್ರೆ ಅವರಿಗೇ ಗೊತ್ತಿರಲ್ಲ.

ಹಂತ 3: ವಿಧಾನದ ಜಗಳ ಎಲ್ಲಾ ಡೇಟಾ ಬರೋ ಮೊದಲೇ ಮುಗಿಸಿ

ಇದರ ಮೇಲೆ ಸ್ವಲ್ಪ ಜಾಸ್ತಿ ಹೊತ್ತು ನಿಲ್ತೀನಿ, ಯಾಕಂದ್ರೆ ಟೆಸ್ಟ್ ಮಾಡೋ ಗುಂಪುಗಳು ಮುಗ್ಗರಿಸೋದು ಇಲ್ಲೇ.

ಕವಲು ಕಡ್ಡಿ ಹಿಡಿದು ನೀರು ಹುಡುಕ್ತೀನಿ ಅನ್ನೋರು ಒಬ್ರು ಟೆಸ್ಟ್‌ಗೆ ಒಪ್ಪಿದಾರೆ ಅಂದ್ಕೊಳ್ಳಿ. ಹತ್ತು ಮುಚ್ಚಿದ ಬಕೆಟ್, ಒಂದರಲ್ಲಿ ಮಾತ್ರ ನೀರು, ಪ್ರತಿ ಸುತ್ತಿಗೂ ಜಾಗ ಬದಲಾಯಿಸ್ತೀವಿ, ಹತ್ತು ಸುತ್ತು. ಸುಮ್ನೆ ಗೆಸ್ ಮಾಡಿದ್ರೆ ಸರಾಸರಿ ಒಂದು ಸರಿ ಬರತ್ತೆ. ನಿಮ್ಮ ಗುಂಪಲ್ಲಿ ಒಬ್ರು ಹೇಳ್ತಾರೆ, ಮೂರು ಸರಿ ಮಾಡಿದ್ರೆ ಪಾಸ್ ಅನ್ನೋಣ, ಉದಾರವಾಗಿ ಇರೋಣ. ಇನ್ನೊಬ್ರು ಲೆಕ್ಕ ಹಾಕಿ ತೋರಿಸ್ತಾರೆ, ಬರೀ ಅದೃಷ್ಟದಿಂದಲೇ ಮೂರು ಅಥವಾ ಜಾಸ್ತಿ ಸರಿ ಬರೋ ಸಾಧ್ಯತೆ ಸುಮಾರು ನೂರಕ್ಕೆ 7, ನಾಲ್ಕು ಅಂದ್ರೆ ನೂರಕ್ಕೆ 1ರ ಆಸುಪಾಸು. ಮೂರೇ ಸಾಕು ಅಂದ್ರೆ, ಹದಿನಾಲ್ಕು ಜನನ ಟೆಸ್ಟ್ ಮಾಡಿದ್ರೆ ಅವರಲ್ಲಿ ಒಬ್ರು ಬರೀ ಲಕ್‌ನಿಂದ ಪಾಸ್ ಆಗೋದು ಮಾಮೂಲಿ, ಆಗ ಏನ್ ಮಾಡ್ತೀರ ಅಂತ ಕೇಳ್ತಾರೆ. ಮೂರನೆಯವರು, ಆ ಮನುಷ್ಯ ತಾನೇ ಹತ್ತಕ್ಕೆ ಎಂಟು ಸರಿ ಹೇಳ್ತೀನಿ ಅಂತ ಹೇಳಿದಾರಲ್ಲ, ಪಾಸ್ ಮಾರ್ಕ್ ಎಂಟೇ ಇಡೋಣ ಅಂತಾರೆ. ಈ ಜಗಳ ಎಷ್ಟು ಬೇಕಾದ್ರೂ ಆಡಿ, ಇದು ಒಳ್ಳೇ ಜಗಳ. ಆದ್ರೆ ಮೊದಲ ಬಕೆಟ್ ಮುಚ್ಚಳ ತೆಗೆಯೋದಕ್ಕಿಂತ ಮೊದಲು ಆಡಿ, ಒಪ್ಪಿದ್ದನ್ನ ಬರೆದು ಎಲ್ಲರೂ ಸಹಿ ಹಾಕಿ, ಆ ಕಡ್ಡಿಯವರೂ ಸೇರಿ.

ಟೆಸ್ಟ್ ಆದಮೇಲೆ ಮೂರು ಸರಿ ಬಂತು ಅನ್ನಿ, ಆಗ ಕೂತ್ಕೊಂಡು ಪಾಸ್ ಮಾರ್ಕ್ ಎಷ್ಟು ಅಂತ ಚರ್ಚೆ ಮಾಡಿದ್ರೆ ಯಾರು ಏನು ಹೇಳಿದ್ರೂ ಅದು ನೀಯತ್ತಿನ ಪ್ರಶ್ನೆ ಆಗಿಬಿಡತ್ತೆ. ನಾಲ್ಕು ಅಂದವರು ಹೆದರಿಕೊಂಡವರು, ಮೂರು ಅಂದವರು ಆ ಕಡೆಯವರು.

ನಿಜವಾಗ್ಲೂ ಹೀಗಾಗಿದೆ. ಮಿಶೆಲ್ ಗೋಕ್ಲಾ ಅನ್ನೋ ಫ್ರೆಂಚ್ ಸಂಶೋಧಕರ ಕ್ಲೈಮ್ ಏನಿತ್ತು ಅಂದ್ರೆ, ದೊಡ್ಡ ಕ್ರೀಡಾಪಟುಗಳು ಹುಟ್ಟಿದಾಗ ಮಂಗಳ ಗ್ರಹ ಆಕಾಶದ ಕೆಲವು ನಿರ್ದಿಷ್ಟ ಭಾಗದಲ್ಲಿ ಇರೋದು ಜಾಸ್ತಿ, ಸಾಮಾನ್ಯ ಜನರಲ್ಲಿ ನೂರಕ್ಕೆ 17 ಇದ್ರೆ ಇವರಲ್ಲಿ 22. ಕರ್ಟ್ಜ್, ಸಂಖ್ಯಾಶಾಸ್ತ್ರಜ್ಞ ಮಾರ್ವಿನ್ ಝೆಲೆನ್, ಖಗೋಳಶಾಸ್ತ್ರಜ್ಞ ಜಾರ್ಜ್ ಏಬಲ್ ಸೇರ್ಕೊಂಡು ಇದನ್ನ ಪರೀಕ್ಷೆ ಮಾಡೋ ದಾರಿ ಸೂಚಿಸಿದ್ರು: ಅದೇ ಸಮಯಕ್ಕೆ ಅದೇ ಊರುಗಳಲ್ಲಿ ಹುಟ್ಟಿದ ಸಾಮಾನ್ಯ ಜನರ ಜೊತೆ ಹೋಲಿಸಿ ನೋಡೋಣ, ಅವರಲ್ಲೂ 22 ಬಂದ್ರೆ ಕ್ಲೈಮ್ ಬಿತ್ತು ಅಂತ. ಗೋಕ್ಲಾ ಡೇಟಾ ತಂದ್ರು, ಸಾಮಾನ್ಯ ಜನರ ಲೆಕ್ಕ 17ರ ಹತ್ರಾನೇ ಬಂತು. ಅಂದ್ರೆ ಆ ಪರೀಕ್ಷೆಯಲ್ಲಿ ಅವರ ಕ್ಲೈಮ್ ಬೀಳಲಿಲ್ಲ. ಆಮೇಲೆ ಮೂವರೂ ಸ್ಯಾಂಪಲ್ ಅನ್ನೇ ಬೇರೆ ಬೇರೆ ಥರ ಒಡೆದು ನೋಡೋಕೆ ಶುರು ಮಾಡಿದ್ರು. ಸೈಕಾಪ್ ಸಮಿತಿಯ ಒಳಗೇ ಇದ್ದ ಡೆನ್ನಿಸ್ ರಾಲಿನ್ಸ್ ಅನ್ನೋ ಖಗೋಳಶಾಸ್ತ್ರಜ್ಞ, ಅವರಿಗೂ ಜ್ಯೋತಿಷ್ಯದ ಮೇಲೆ ಕಿಂಚಿತ್ತೂ ನಂಬಿಕೆ ಇರಲಿಲ್ಲ, ಇದು ಸರಿಯಲ್ಲ ಅಂತ ಒಳಗೇ ತಕರಾರು ಎತ್ತಿದ್ರು. ಒಳಗೆ ತೀರ್ಮಾನ ಆಗಲಿಲ್ಲ. 1981ರಲ್ಲಿ ಅವರು ಅದನ್ನೆಲ್ಲಾ ಹೊರಗೆ ಬರೆದ್ರು, ಅದೂ ಪ್ಯಾರಾನಾರ್ಮಲ್ ಕಥೆಗಳ ಪತ್ರಿಕೆಯಲ್ಲಿ! ಚಳುವಳಿಗೆ ಅದಕ್ಕಿಂತ ದೊಡ್ಡ ಮುಜುಗರ ಬೇಕಿರಲಿಲ್ಲ. 1983ರಲ್ಲಿ ಮೂವರೂ ತಮ್ಮ ವಿಶ್ಲೇಷಣೆಯಲ್ಲಿ ಲೋಪ ಇದ್ದದ್ದನ್ನ ಒಪ್ಕೊಂಡು ಲೇಖನ ಪ್ರಕಟಿಸಿದ್ರು.

ಇಲ್ಲಿ ರಾಲಿನ್ಸ್ ಧಾಟಿ ಖಾರವಾಗಿತ್ತು, ನಿಜ. ಆದ್ರೆ ಒಳಗಿನವರ ತಕರಾರು ಹೋಗೋಕೆ ಒಂದು ಬಾಗಿಲು ಇಲ್ಲದಿದ್ರೆ ಅದು ಗೋಡೆ ಒಡ್ಕೊಂಡೇ ಹೋಗೋದು. ಆ ಬಾಗಿಲು ಅಂದ್ರೆ ಭಿನ್ನಮತ ಟಿಪ್ಪಣಿ. ಗುಂಪಿನ ಪ್ರತಿ ವರದಿ ಜೊತೆ, ಒಪ್ಪದ ಸದಸ್ಯರು ಒಂದು ಪುಟ ಬರೆದು ಲಗತ್ತಿಸಬಹುದು ಅಂತ ನಿಯಮ ಮಾಡಿ. ಎಡಿಟ್ ಮಾಡೋ ಹಾಗಿಲ್ಲ, ಉದ್ದ ಮಾತ್ರ ಮಿತಿ. ನ್ಯಾಯಾಲಯದಲ್ಲಿ ಜಡ್ಜ್‌ಗಳು ಮಾಡೋ ಹಾಗೆ. ಜನ ಏನಂದ್ಕೊಳ್ತಾರೋ ಅಂತ ಭಯ ಪಡಬೇಡಿ, ಒಳಗಿನ ತಕರಾರನ್ನ ತಾನೇ ಪ್ರಕಟಿಸೋ ಗುಂಪಿನ ಮೇಲೆ ನಂಬಿಕೆ ಜಾಸ್ತಿನೇ ಆಗತ್ತೆ.

ಹಂತ 4: ಎದುರಿನವರ ಮಾತನ್ನ ಮೊದಲು ಅವರಿಗೇ ಹೇಳಿ ತೋರಿಸಿ

ಅನಾಟೋಲ್ ರಾಪೊಪೋರ್ಟ್ ಅನ್ನೋ ಗಣಿತಜ್ಞರ ಹೆಸರಲ್ಲಿ ಒಂದು ಕ್ರಮ ಇದೆ: ಟೀಕೆ ಮಾಡೋ ಮೊದಲು ಎದುರಾಳಿಯ ವಾದನ ಅವರೇ "ಹೌದು, ನಾನು ಹೇಳಿದ್ದು ಇದನ್ನೇ, ನನಗಿಂತ ಚೆನ್ನಾಗಿ ಹೇಳಿದ್ರಿ" ಅನ್ನೋ ಹಾಗೆ ಹೇಳು, ಎಲ್ಲಿ ಒಪ್ತೀಯ ಅಂತ ಹೇಳು, ಅವರಿಂದ ಏನು ಕಲಿತೆ ಅಂತ ಹೇಳು, ಆಮೇಲೆ ಟೀಕೆ. ಪೂರ್ತಿ ಮಾಡೋಕೆ ಯಾರಿಗೂ ತಾಳ್ಮೆ ಇರಲ್ಲ, ಮೊದಲನೇದೊಂದು ಮಾಡಿದ್ರೂ ಸಾಕು.

ಹೇಗಿರತ್ತೆ ನೋಡಿ. ನೋವಿಗೆ ಅಕ್ಯುಪಂಕ್ಚರ್ (ಸೂಜಿ ಚುಚ್ಚೋ ಚಿಕಿತ್ಸೆ) ಬಗ್ಗೆ ಮೀಟಿಂಗ್. ಒಬ್ರು ಮೇಡಂ ಹೇಳಿದ್ರು, "ಸುಳ್ಳು ಸೂಜಿ ಚುಚ್ಚಿದೋರಿಗೂ ನಿಜ ಸೂಜಿ ಚುಚ್ಚಿದೋರಿಗೂ ವ್ಯತ್ಯಾಸ ತೀರಾ ಕಮ್ಮಿ, ಆದ್ರೂ ಬಂದವರಿಗೆ ಸ್ವಲ್ಪ ಆರಾಮ ಅನ್ಸೋದು ನಿಜ, ಹಾಗಾಗಿ ಇದನ್ನ ಮೋಸ ಅಂತ ಕರೆಯೋದು ಬೇಡ." ಕೂಡಲೇ ಒಬ್ರು, "ಓ, ಹಾಗಾದ್ರೆ ನೀವು ಇದನ್ನ ಸಪೋರ್ಟ್ ಮಾಡ್ತೀರ!" ಅಂದ್ರೆ ಕಥೆ ಮುಗೀತು, ಇನ್ನು ಮುಂದೆ ಆ ಮೇಡಂ ವಾದ ಮಾಡೋದು ತಾನು ಸ್ಕೆಪ್ಟಿಕ್ ಹೌದು ಅಂತ ಪ್ರೂವ್ ಮಾಡೋಕೆ, ಅಕ್ಯುಪಂಕ್ಚರ್ ವಿಷಯ ಯಾರಿಗೂ ಬೇಡ. ಅದರ ಬದಲು, "ನೀವು ಹೇಳ್ತಿರೋದು ಎಫೆಕ್ಟ್ ಸೂಜಿಯದ್ದಲ್ಲ, ಆರೈಕೆ ಸಿಕ್ಕಿದ್ದರದ್ದು, ಚುಚ್ಚೋರೂ ಅದನ್ನ ನಂಬಿನೇ ಚುಚ್ತಿರಬಹುದು, ಮೋಸ ಅಂದ್ರೆ ಉದ್ದೇಶ ಇರಬೇಕು ಅಂತ, ಅಲ್ವಾ?" ಅಂತ ಕೇಳಿ. ಹೌದು ಅಂದಮೇಲೆ, "ಸರಿ, ಆದ್ರೆ ಸೂಜಿ ಬಿಂದು ಅಂತ ಹೇಳಿ ದುಡ್ಡು ತಗೊಳ್ತಾರಲ್ಲ, ಅದಕ್ಕೆ ಏನು ಹೆಸರಿಡೋಣ?" ಅನ್ನಿ. ಈಗ ಜಗಳ ಒಂದು ಪದದ ಮೇಲಿದೆ, ಒಬ್ಬ ವ್ಯಕ್ತಿಯ ಮೇಲಿಲ್ಲ.

ಮನೋವಿಜ್ಞಾನಿ ರೇ ಹೈಮನ್ ಸ್ಕೆಪ್ಟಿಕ್‌ಗಳಿಗೆ ಅಂತಲೇ ಕೊಟ್ಟ ಸಲಹೆಗಳಲ್ಲಿ ಇದೂ ಇದೆ: ಹೋಮ್‌ವರ್ಕ್ ಮಾಡು, ನಿನ್ನ ಪರಿಣತಿ ಮೀರಿ ಮಾತಾಡಬೇಡ, ಎದುರಿನವರ ಬಗ್ಗೆ ಉದಾರವಾಗಿ ಯೋಚಿಸು, ಚುಚ್ಚೋ ಪದ ಬಿಡು. ಅವರು ಹೇಳಿದ್ದು ಪ್ಯಾರಾನಾರ್ಮಲ್ ನಂಬೋರ ಜೊತೆ ಮಾತಾಡೋಕೆ. ನಮ್ಮವರ ಜೊತೆ ಮಾತಾಡೋಕೆ ಅಷ್ಟಾದ್ರೂ ಬೇಡ್ವಾ?

ಒಂದು ಕಟ್ಟುನಿಟ್ಟು ನಿಯಮ ಮಾತ್ರ ಇಟ್ಕೊಳ್ಳಿ: ಉದ್ದೇಶದ ಬಗ್ಗೆ ಮಾತಿಲ್ಲ. "ಇವರು ಹೀಗೆ ಹೇಳೋದು ಯಾಕಂದ್ರೆ..." ಅಂತ ಶುರುವಾದ ವಾಕ್ಯನ ಮೀಟಿಂಗ್ ನಡೆಸೋರು ಅಲ್ಲೇ ನಿಲ್ಲಿಸ್ಬೇಕು, ಹೇಳ್ತಿರೋರು ಎಷ್ಟೇ ಸೀನಿಯರ್ ಆಗಿರಲಿ.

ಹಂತ 5: ತೀರದ ಜಗಳನ ಇಬ್ಬರ ಕೈಗೂ ಒಂದೇ ಕೆಲಸವಾಗಿ ಕೊಡಿ

ಮೇಲೆ ಹೇಳಿದ ಹೈಮನ್, ಟೆಲಿಪತಿ (ಮನಸ್ಸಿಂದ ಮನಸ್ಸಿಗೆ ಸಂದೇಶ) ಪ್ರಯೋಗಗಳ ಬಗ್ಗೆ ಚಾರ್ಲ್ಸ್ ಹೊನೋರ್ಟನ್ ಅನ್ನೋ ಪ್ಯಾರಾಸೈಕಾಲಜಿಸ್ಟ್ (ಅತೀಂದ್ರಿಯ ಶಕ್ತಿ ಬಗ್ಗೆ ಸಂಶೋಧನೆ ಮಾಡೋರು) ಜೊತೆ ಬಹಳ ಕಾಲ ವಾದ ಮಾಡಿದ್ರು. 1986ರಲ್ಲಿ ಇಬ್ರೂ ಸೇರಿ ಒಂದು ಜಂಟಿ ಹೇಳಿಕೆ ಬರೆದ್ರು: ನಾವು ಇಲ್ಲಿ ಒಪ್ತೀವಿ, ಇಲ್ಲಿ ಒಪ್ಪಲ್ಲ, ಮುಂದಿನ ಪ್ರಯೋಗ ಈ ಈ ಷರತ್ತಲ್ಲಿ ನಡೆದ್ರೆ ತೀರ್ಮಾನ ಆಗತ್ತೆ ಅಂತ. ಇನ್ನೊಂದು, ಯಾರೋ ಹಿಂದಿನಿಂದ ದಿಟ್ಟಿಸಿ ನೋಡಿದ್ರೆ ಗೊತ್ತಾಗತ್ತಾ ಅನ್ನೋದನ್ನ ಸ್ಕೆಪ್ಟಿಕ್ ರಿಚರ್ಡ್ ವೈಸ್‌ಮನ್, ನಂಬಿಕೆ ಇದ್ದ ಮೇರಿಲಿನ್ ಶ್ಲಿಟ್ಝ್ ಇಬ್ರೂ ಒಂದೇ ಲ್ಯಾಬ್, ಒಂದೇ ವಿಧಾನದಲ್ಲಿ ಟೆಸ್ಟ್ ಮಾಡಿ 1997ರಲ್ಲಿ ಪ್ರಕಟಿಸಿದ್ರು. ವೈಸ್‌ಮನ್ ಮಾಡಿದಾಗ ಏನೂ ಬರಲಿಲ್ಲ, ಶ್ಲಿಟ್ಝ್ ಮಾಡಿದಾಗ ಸ್ವಲ್ಪ ಬಂತು! ಯಾಕೆ ಅಂತ ಇಬ್ರೂ ಜಗಳ ಆಡ್ಕೊಂಡು ಮನೆಗೆ ಹೋಗಲಿಲ್ಲ, ಮತ್ತೆ ಜೊತೆಗೇ ಪ್ರಯೋಗ ಮಾಡಿದ್ರು, 2006ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಇಬ್ಬರಿಗೂ ಏನೂ ಬರಲಿಲ್ಲ.

ನಿಮ್ಮ ಗುಂಪಲ್ಲಿ ಮಾಡೋದಾದ್ರೆ ಲ್ಯಾಬ್ ಏನೂ ಬೇಕಿಲ್ಲ. ಒಂದೇ ಹಾಳೆ, ಇಬ್ಬರ ಕೈಬರಹ. ಮೇಲೆ: ಇಬ್ರೂ ಒಪ್ಪೋದು. ಕೆಳಗೆ: ಒಪ್ಪದೇ ಇರೋದು, ಒಂದೇ ವಾಕ್ಯದಲ್ಲಿ. ಕೊನೆಗೆ ಮುಖ್ಯವಾದದ್ದು: "ಏನು ಕಂಡ್ರೆ ನಾನು ಮನಸ್ಸು ಬದಲಾಯಿಸ್ತೀನಿ." ಅದನ್ನ ಬರೆಯೋಕೆ ಆಗದೆ ಒದ್ದಾಡೋರನ್ನ ಬಲವಂತ ಮಾಡಬೇಡಿ, ಜಾಗ ಖಾಲಿ ಬಿಡಲಿ. ಖಾಲಿ ಜಾಗ ತಾನೇ ಮಾತಾಡತ್ತೆ.

ಹಂತ 6: ಬೈಯೋರು, ಬೈಯದೋರು, ಇಬ್ರಿಗೂ ಜಾಗ ಮಾಡಿ

ಧಾಟಿ ಜಗಳ ಯಾವತ್ತೂ ಮುಗಿಯಲ್ಲ, ಮುಗಿಸೋಕೆ ಹೋಗ್ಬೇಡಿ. ಜಾದೂಗಾರ ಜೇಮ್ಸ್ ರ‍್ಯಾಂಡಿ ಇಬ್ರು ಹುಡುಗರನ್ನ ಅತೀಂದ್ರಿಯ ಶಕ್ತಿ ಇರೋರ ವೇಷದಲ್ಲಿ ಒಂದು ಪ್ಯಾರಾಸೈಕಾಲಜಿ ಲ್ಯಾಬಿಗೆ ಕಳಿಸಿ, ಅವರು ವರ್ಷಗಟ್ಲೆ ಕೈಚಳಕದಿಂದ ಸಂಶೋಧಕರನ್ನ ನಂಬಿಸಿ, 1983ರಲ್ಲಿ ರ‍್ಯಾಂಡಿ ಅದನ್ನ ಬಯಲು ಮಾಡಿದಾಗ ಅರ್ಧ ಜನ ಚಪ್ಪಾಳೆ ಹೊಡೆದ್ರು, ಟ್ರುಝಿ ಥರದವರು ಇದು ತಪ್ಪು ಅಂದ್ರು. 2010ರಲ್ಲಿ ಖಗೋಳಶಾಸ್ತ್ರಜ್ಞ ಫಿಲ್ ಪ್ಲೇಟ್, ಅದೂ ರ‍್ಯಾಂಡಿ ಫೌಂಡೇಶನ್‌ನ ಸಮ್ಮೇಳನದಲ್ಲೇ ನಿಂತು, ನಿಮ್ಮಲ್ಲಿ ಎಷ್ಟು ಜನ ಬೈಸಿಕೊಂಡು ನಂಬಿಕೆ ಬಿಟ್ಟಿದೀರ ಅಂತ ಸಭಿಕರನ್ನೇ ಕೇಳಿದ್ರು. ಅದಕ್ಕೂ ಪರ ವಿರೋಧ ಎರಡೂ ಬಂತು.

ನನ್ನ ಲೆಕ್ಕದಲ್ಲಿ ಒಂದೇ ನಿಯಮ ಸಾಕು. ಗುಂಪಿನ ಹೆಸರಲ್ಲಿ ಹೋಗೋ ಪ್ರತಿ ಮಾತಿಗೂ ಇಬ್ಬರ ಒಪ್ಪಿಗೆ ಬೇಕು, ಒಬ್ರು ಬಿಸಿ ಪಾರ್ಟಿ, ಒಬ್ರು ತಣ್ಣನೆ ಪಾರ್ಟಿ. ಸ್ವಂತ ಹೆಸರಲ್ಲಿ ಯಾರು ಏನು ಬೇಕಾದ್ರೂ ಹೇಳ್ಕೊಳ್ಳಲಿ, ಅದಕ್ಕೆ ಗುಂಪು ಕ್ಷಮೆ ಕೇಳ್ತಾ ಕೂರೋದು ಬೇಡ.

ಹಂತ 7: ಬಣ ಕಟ್ಟಿಕೊಳ್ತಿರೋ ಲಕ್ಷಣ ಬೇಗ ಹಿಡೀರಿ

ಬಣ ಆಗೋಕೆ ದೊಡ್ಡ ಕಾರಣ ಬೇಕಿಲ್ಲ. ಹೆನ್ರಿ ತಾಜ್‌ಫೆಲ್ ಅನ್ನೋ ಮನೋವಿಜ್ಞಾನಿ 1970ರ ಸುಮಾರಿಗೆ ಸ್ಕೂಲ್ ಹುಡುಗರನ್ನ, ಯಾವ ಚಿತ್ರಕಾರ ಇಷ್ಟ ಅನ್ನೋ ನೆಪದಲ್ಲಿ ಎರಡು ಗುಂಪು ಮಾಡಿ ಪಾಯಿಂಟ್ ಹಂಚೋಕೆ ಹೇಳಿದ್ರು. ಯಾರ ಗುಂಪಲ್ಲಿ ಯಾರಿದಾರೆ ಅಂತಾನೂ ಆ ಹುಡುಗರಿಗೆ ಗೊತ್ತಿಲ್ಲ, ಆದ್ರೂ ತಮ್ಮ ಕಡೆಗೇ ಜಾಸ್ತಿ ಕೊಟ್ರು, ಎಷ್ಟರ ಮಟ್ಟಿಗೆ ಅಂದ್ರೆ ತಮಗೆ ಸ್ವಲ್ಪ ಕಮ್ಮಿ ಬಂದ್ರೂ ಪರವಾಗಿಲ್ಲ, ಅವರಿಗಿಂತ ಜಾಸ್ತಿ ಬರಲಿ ಅನ್ನೋ ಹಾಗೆ. ಇನ್ನು ಒಂದೇ ಅಭಿಪ್ರಾಯದವರು ತಮ್ಮ ತಮ್ಮಲ್ಲೇ ಮಾತಾಡ್ತಾ ಇದ್ರೆ ಅಭಿಪ್ರಾಯ ಇನ್ನಷ್ಟು ಗಟ್ಟಿ ಆಗ್ತಾ ಹೋಗತ್ತೆ, ಇದನ್ನ ಮಾಸ್ಕೊವಿಸಿ ಮತ್ತು ಝವಲ್ಲೋನಿ 1969ರಲ್ಲೇ ತೋರಿಸಿದಾರೆ.

ಲಕ್ಷಣ ಏನೇನು? ಮೀಟಿಂಗ್‌ಗೆ ಮೊದಲೇ ಸಣ್ಣ ಮೀಟಿಂಗ್ ಆಗಿರತ್ತೆ. ಯಾರು ಹೇಳಿದ್ರು ಅಂತ ಗೊತ್ತಾದ್ಮೇಲೆ ಜನ ಒಪ್ಪೋದು ಬಿಡೋದು ನಿರ್ಧಾರ ಮಾಡ್ತಾರೆ. ಒಂದು ವಿಷಯದಲ್ಲಿ ಯಾರ್ಯಾರು ಒಂದು ಕಡೆ ಇದ್ರೋ ಸಂಬಂಧವೇ ಇಲ್ಲದ ಇನ್ನೊಂದು ವಿಷಯದಲ್ಲೂ ಅವರವರೇ ಒಂದು ಕಡೆ, ಇದೇ ನನಗೆ ದೊಡ್ಡ ಅಲಾರಂ. ಹೋಮಿಯೋಪತಿ ಬಗ್ಗೆ ಹೇಗೆ ಬರೀಬೇಕು ಅನ್ನೋದಕ್ಕೂ ಮುಂದಿನ ಖಜಾಂಚಿ ಯಾರು ಅನ್ನೋದಕ್ಕೂ ಏನು ನಂಟು? ಆಮೇಲೆ ಅಡ್ಡಹೆಸರುಗಳು ಬರ್ತವೆ, ಅದು ಬಂದ್ರೆ ತಡ ಆಗಿದೆ ಅಂತ.

ಎಲ್ಲರೂ ಮೊದಲು ಹಚ್ಚೋ ಮುಲಾಮು ಅಂದ್ರೆ ಒಂದು ಗೆಟ್‌ಟುಗೆದರ್. ಅದು ಕೆಲಸ ಮಾಡಲ್ಲ. 1954ರಲ್ಲಿ ಮುಝಫರ್ ಶೆರಿಫ್ ಅಮೆರಿಕದ ಒಕ್ಲಹೋಮದಲ್ಲಿ 22 ಹುಡುಗರ ಎರಡು ತಂಡ ಮಾಡಿ ಕ್ಯಾಂಪ್ ನಡೆಸಿದಾಗ, ತಂಡಗಳ ಮಧ್ಯೆ ಹಗೆ ಹುಟ್ಟಿದ್ಮೇಲೆ ಒಟ್ಟಿಗೆ ಸಿನಿಮಾ ತೋರಿಸಿದ್ರು, ಒಟ್ಟಿಗೆ ಊಟಕ್ಕೆ ಕೂರಿಸಿದ್ರು, ಏನೂ ಆಗಲಿಲ್ಲ, ಊಟನೇ ಎಸೆದಾಡಿದ್ರು. ಕ್ಯಾಂಪಿನ ನೀರು ನಿಂತಾಗ ಎರಡೂ ತಂಡ ಸೇರಿ ಸರಿ ಮಾಡಬೇಕಾಯ್ತು, ಇಂಥ ಕೆಲಸಗಳಾದ ಮೇಲೇನೇ ಹಗೆ ಇಳಿದಿದ್ದು. (ಸಂಶೋಧಕರೇ ಹಿಂದೆ ನಿಂತು ಬೆಂಕಿ ಹಚ್ಚಿದ್ರು ಅಂತ ಆ ಪ್ರಯೋಗದ ಮೇಲೆ ಆಮೇಲೆ ಟೀಕೆ ಬಂದಿದೆ, ಸ್ಕೆಪ್ಟಿಕ್ ಗೈಡ್‌ನಲ್ಲಿ ಅದನ್ನ ಹೇಳದೇ ಇದ್ರೆ ಹೇಗೆ.) ಹಾಗಾಗಿ ಎರಡೂ ಕಡೆಯವರನ್ನ ಬೆರೆಸಿ ಒಂದು ತನಿಖೆಗೆ ಹಾಕಿ, ಗಡುವು ಇರೋ ನಿಜವಾದ ಕೆಲಸಕ್ಕೆ. ಪದಾಧಿಕಾರಿಗಳಿಗೆ ಅವಧಿ ಮಿತಿ ಇಡಿ, ಮೀಟಿಂಗ್ ನಡೆಸೋರು ಪ್ರತಿ ಸಲ ಬದಲಾಗಲಿ. ಇನ್ನು ಫ್ಯಾಕ್ಟ್ ವಿಷಯದಲ್ಲಿ ವೋಟ್ ಹಾಕಿಸಲೇಬೇಡಿ. ದುಡ್ಡು, ದಿನಾಂಕ, ಜಾಗ, ಇವಕ್ಕೆ ವೋಟ್ ಸರಿ. ಒಂದು ಕ್ಲೈಮ್ ಸುಳ್ಳಾ ನಿಜನಾ ಅಂತ ಕೈ ಎತ್ತಿಸಿದ್ರೆ ನೀವೇ ಬಣ ಎಣಿಸಿ ಕೊಟ್ಟ ಹಾಗೆ.

ಹಂತ 8: ನಡವಳಿಕೆ ದೂರನ್ನ ಭಿನ್ನಾಭಿಪ್ರಾಯದ ಡಬ್ಬಿಗೆ ಹಾಕಬೇಡಿ

ಇದನ್ನ ಕೇಳಿಸ್ಕೊಳ್ಳಿ. ಯಾರಾದ್ರೂ ಬಂದು ಈ ಸದಸ್ಯ ನನ್ನ ಜೊತೆ ಅಸಭ್ಯವಾಗಿ ನಡ್ಕೊಂಡ, ಬೆದರಿಸಿದ, ಹಿಂದೆ ಬಿದ್ದಿದಾನೆ ಅಂದ್ರೆ ಅದು "ಎರಡು ಕಡೆ ಇರೋ ಚರ್ಚೆ" ಆಗಲ್ಲ. 2011ರಿಂದ ಆಚೆಗೆ ಅಮೆರಿಕ, ಯುರೋಪಿನ ಸ್ಕೆಪ್ಟಿಕ್, ನಾಸ್ತಿಕ ವಲಯಗಳು ಸಮ್ಮೇಳನಗಳಲ್ಲಿ ಮಹಿಳೆಯರನ್ನ ಹೇಗೆ ನಡೆಸಿಕೊಳ್ತಾರೆ ಅನ್ನೋ ವಿಷಯದಲ್ಲಿ ವರ್ಷಗಟ್ಲೆ ಇಬ್ಭಾಗ ಆಗಿ ಕಿತ್ತಾಡಿದ್ವು. ಅಷ್ಟು ಉರಿಯೋಕೆ ಒಂದು ಕಾರಣ, ನೀಟಾಗಿ ದೂರು ಕೊಡೋ ದಾರಿ ಬಹಳ ಕಡೆ ಇರಲಿಲ್ಲ, ಹಾಗಾಗಿ ಪ್ರತಿ ದೂರೂ ಸಾರ್ವಜನಿಕ ಪಂಚಾಯ್ತಿ ಆಯ್ತು, ಪ್ರತಿಯೊಬ್ಬರೂ ಯಾವ ಕಡೆ ಅಂತ ಹೇಳಲೇಬೇಕಾದ ಒತ್ತಡ ಬಂತು.

ಮೊದಲೇ ಬರೆದಿಡಿ: ದೂರು ಯಾರಿಗೆ ಕೊಡೋದು (ಕನಿಷ್ಠ ಇಬ್ರು, ಒಬ್ರು ಮಹಿಳೆ, ಸಾಧ್ಯವಾದ್ರೆ ಒಬ್ರು ಗುಂಪಿನ ಹೊರಗಿನವರು), ಎಷ್ಟು ದಿನದೊಳಗೆ ಉತ್ತರ, ಆರೋಪ ಬಂದವರ ಮಾತು ಯಾವಾಗ ಕೇಳ್ತೀರ, ತೀರ್ಮಾನ ಆಗೋವರೆಗೂ ದೂರು ಕೊಟ್ಟವರು ಅವರ ಮುಖ ನೋಡೋ ಪರಿಸ್ಥಿತಿ ಬರದ ಹಾಗೆ ಏನು ಏರ್ಪಾಡು. ಕಾನೂನಿನ ಮಟ್ಟದ ವಿಷಯ ಆದ್ರೆ ಪೊಲೀಸರಿಗೆ, ಗುಂಪು ಕೋರ್ಟ್ ಆಗೋಕೆ ಹೋಗ್ಬಾರದು. ಜನರಲ್ ಮೀಟಿಂಗ್‌ನಲ್ಲಿ ಇದನ್ನ ಚರ್ಚೆಗೆ ಇಡಬೇಡಿ. ಎಷ್ಟು ಒಳ್ಳೆ ಡಿಬೇಟರ್ ಅನ್ನೋದು ಇಲ್ಲಿ ಲೆಕ್ಕಕ್ಕಿಲ್ಲ. "ಚಳುವಳಿಗೆ ಕೆಟ್ಟ ಹೆಸರು ಬರತ್ತೆ, ಸುಮ್ನಿರಿ" ಅನ್ನೋ ಸೀನಿಯರ್ ಮಾತನ್ನ ಮಾತ್ರ ಯಾವ ಕಾರಣಕ್ಕೂ ಕೇಳಬೇಡಿ, ಬಾಬಾಗಳ ಆಶ್ರಮದಲ್ಲೂ ಇದೇ ಮಾತು ಹೇಳೋದು.

ಹಂತ 9: ಸೀನಿಯರ್ ತಪ್ಪಿದ್ರೆ ಅವರಿಗೂ ಹೇಳಿ, ವಾಪಸ್ ಬರೋಕೆ ದಾರಿನೂ ಬಿಡಿ

2009ರ ಡಿಸೆಂಬರ್‌ನಲ್ಲಿ ರ‍್ಯಾಂಡಿ, ಹವಾಮಾನ ಬದಲಾವಣೆಗೆ ಮನುಷ್ಯರೇ ಕಾರಣ ಅನ್ನೋದರ ಬಗ್ಗೆ ಅನುಮಾನದ ಧಾಟಿಲಿ ಬರೆದ್ರು. ಅವರನ್ನ ಗುರು ಅಂತ ನೋಡ್ತಿದ್ದ ಸ್ಕೆಪ್ಟಿಕ್‌ಗಳೇ, ನೀವು ಹೇಳ್ತಿರೋ ಆಧಾರ ಗಟ್ಟಿ ಇಲ್ಲ ಅಂತ ಎವಿಡೆನ್ಸ್ ಇಟ್ಟು ಹೇಳಿದ್ರು. ಅವರು ಸ್ವಲ್ಪ ದಿನದಲ್ಲೇ ಸ್ಪಷ್ಟನೆ ಕೊಟ್ರು. ಯಾರೂ ಅವರ ಹಳೇ ಕೆಲಸನೆಲ್ಲಾ ಚರಂಡಿಗೆ ಎಸೀಲಿಲ್ಲ. ದೊಡ್ಡವರು ಅಂತ ಬಿಡೋದೂ ಇಲ್ಲ, ಒಂದು ತಪ್ಪಿಗೆ ಗಡೀಪಾರೂ ಇಲ್ಲ, ಇಷ್ಟು ಸಾಧ್ಯ ಇದೆ.

ಮನಸ್ಸು ಬದಲಾಯಿಸಿದವರಿಗೆ "ನಾನು ಆಗಲೇ ಹೇಳಿರಲಿಲ್ವಾ" ಅನ್ನೋ ಆಸೆ ಎಲ್ಲರಿಗೂ ಬರತ್ತೆ. ನುಂಗ್ಕೊಳ್ಳಿ. ಅದನ್ನ ಒಂದ್ಸಲ ಕೇಳಿಸ್ಕೊಂಡವರು ಎರಡನೇ ಸಲ ಬಹಿರಂಗವಾಗಿ ಮನಸ್ಸು ಬದಲಾಯಿಸಲ್ಲ.

ಹಂತ 10: ಬೇರೆ ಆಗಲೇಬೇಕು ಅಂದ್ರೆ ನೀಟಾಗಿ ಆಗಿ

ಕೆಲವು ಸಲ ಇದೆಲ್ಲಾ ಮಾಡಿದ್ರೂ ಗುರಿನೇ ಬೇರೆ ಅಂತ ಗೊತ್ತಾಗತ್ತೆ. ಆಗ ಎರಡು ಗುಂಪಾಗೋದು ಸೋಲೇನಲ್ಲ, 1992ರಲ್ಲಿ ಮೈಕಲ್ ಶರ್ಮರ್ ಸ್ಕೆಪ್ಟಿಕ್ಸ್ ಸೊಸೈಟಿ ಶುರು ಮಾಡಿದ್ರು, 1996ರಲ್ಲಿ ರ‍್ಯಾಂಡಿ ತಮ್ಮ ಫೌಂಡೇಶನ್ ಮಾಡಿದ್ರು, ಸೈಕಾಪ್ ತನ್ನ ಪಾಡಿಗೆ ನಡೀತು, ಕೆಲಸ ಜಾಸ್ತಿನೇ ಆಯ್ತು. ಆದ್ರೆ ಹೋಗೋರು, ಉಳಿಯೋರು ಇಬ್ರೂ ಕೂತು ನಾಲ್ಕು ವಿಷಯ ಇತ್ಯರ್ಥ ಮಾಡ್ಕೊಳ್ಳಿ: ಗುಂಪಿನ ಹೆಸರು ಯಾರ ಹತ್ರ ಉಳಿಯತ್ತೆ, ಬ್ಯಾಂಕಲ್ಲಿರೋ ದುಡ್ಡು ಎಷ್ಟು ಯಾರಿಗೆ, ಹಳೇ ಟೆಸ್ಟ್‌ಗಳ ಮೂಲ ಡೇಟಾ ಇಬ್ರಿಗೂ ಒಂದೊಂದು ಪ್ರತಿ (ಇದರಲ್ಲಿ ಚೌಕಾಸಿ ಇಲ್ಲ), ಮಾತು ಕೊಟ್ಟಿರೋ ತನಿಖೆಗಳನ್ನ ಯಾರು ಮುಗಿಸ್ತಾರೆ. ಸದಸ್ಯರು ಎರಡೂ ಕಡೆ ಇರಬಹುದು ಅಂತಾನೂ ಬರೀರಿ, ಯಾರನ್ನೂ ನೀನು ಯಾರ ಕಡೆ ಅಂತ ಕೇಳೋ ಹಾಗಿಲ್ಲ. ಇಬ್ರೂ ಸಹಿ ಹಾಕಿದ ಒಂದೇ ಪ್ರಕಟಣೆ ಹೊರಡಿಸಿ, ಮೂರು ನಾಲ್ಕು ಸಾಲು ಸಾಕು, ಕಾರಣ ಬರೆಯೋದಾದ್ರೆ ಆ ವಾಕ್ಯ ಇಬ್ರೂ ಓದಿ ಒಪ್ಪಿರಬೇಕು, ಒಪ್ಪಿಗೆ ಆಗ್ತಿಲ್ಲ ಅಂದ್ರೆ ಕಾರಣನೇ ಬರೀಬೇಡಿ.